ತರಗತಿವಾರು ತಖ್ತೆಯ ಅಗತ್ಯ

ಗ್ರಾಮದ ಫಸಲನ್ನು ಒಂದೇ ಸರಾಸರಿಯಿಂದ ಅಳೆಯುವುದು ವಾಡಿಕೆಯಾಗಿರುವುದಷ್ಟೆ. ಲೆಕ್ಕವು ಸರಿಯಾಗಿದ್ದರೂ ಅದರಿಂದ ಹೊರಡುವ ತೀರ್ಮಾನವು ತಪ್ಪಾಗಬಹುದೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಮನಗಾಣಬೇಕು.

ನಿದರ್ಶನಕ್ಕಾಗಿ, ನೂರು ನೂರು ಎಕರೆ ರಾಗಿ ಬೆಳೆಯುವ ಎರಡು ಗ್ರಾಮಗಳನ್ನು ಭಾವಿಸಿಕೊಳ್ಳೋಣ. ಮೊದಲನೆಯದರಲ್ಲಿ ನೀರಾವರಿ 20 ಎಕರೆ, ಎಕರೆಗೆ 15 ಕ್ವಿಂಟಾಲ್. ಖುಷ್ಕಿ 80 ಎಕರೆ, ಎಕರೆಗೆ 10 ಕ್ವಿಂಟಾಲ್. ಎರಡನೆಯದರಲ್ಲಿ ನೀರಾವರಿ 80 ಎಕರೆ, ಎಕರೆಗೆ 14. ಖುಷ್ಕಿ 20 ಎಕರೆ, ಎಕರೆಗೆ 9. ಒಟ್ಟು ಸರಾಸರಿಯು ಮೊದಲನೆಯದಕ್ಕೆ 11, ಎರಡನೆಯದಕ್ಕೆ 13. ಇಷ್ಟನ್ನೇ ಕಂಡವರು ಎರಡನೆಯ ಗ್ರಾಮದ ಬೇಸಾಯವೇ ಮೇಲೆನ್ನುವರು. ಆದರೆ ನೀರಾವರಿಯಲ್ಲಿಯೂ ಖುಷ್ಕಿಯಲ್ಲಿಯೂ ಮೊದಲನೆಯ ಗ್ರಾಮದವರೇ ಎಕರೆಗೆ ಒಂದು ಕ್ವಿಂಟಾಲ್ ಹೆಚ್ಚಾಗಿ ಬೆಳೆದಿರುವರು. ಒಟ್ಟಿನಲ್ಲಿ ಕಂಡ ಹೆಚ್ಚಳವು ನೀರಿನ ಫಲವೇ ಹೊರತು ಬೇಸಾಯದ ಫಲವಲ್ಲ.

ಆದುದರಿಂದ ಇಳುವರಿಯ ತಖ್ತೆಯನ್ನು ತರಗತಿವಾರಾಗಿ ಬರೆಯತಕ್ಕದ್ದು. ಜಮೀನನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ ಕಂದಾಯ ಕಟ್ಟುತ್ತಿದ್ದ ನಮ್ಮ ಹಿರಿಯರಿಗೆ ಈ ತತ್ತ್ವವು ಹೊಸದಾಗಿರಲಿಲ್ಲ. ಪ್ರತಿ ತರಗತಿಯ ಎದುರಿಗೆ ಹೊಲಗಳ ಸಂಖ್ಯೆ, ಸರಾಸರಿ ಇಳುವರಿ, ಕನಿಷ್ಠ ಮತ್ತು ಗರಿಷ್ಠ ಇಳುವರಿ ಇವುಗಳನ್ನು ಕಾಣಿಸಿ, ಒಟ್ಟು ಮೊತ್ತವನ್ನು ಕೊನೆಯ ಸಾಲಿನಲ್ಲಿ ಬರೆಯುವುದು ಉಚಿತ. ಎರಡು ಹೊಲಗಳ ಸರಾಸರಿಗೂ ಇನ್ನೂರು ಹೊಲಗಳ ಸರಾಸರಿಗೂ ಸಮನಾದ ಬೆಲೆಯಿಲ್ಲ. ಸಂಖ್ಯೆಯನ್ನು ತೋರಿಸದ ತಖ್ತೆಯು ಈ ಭೇದವನ್ನು ಮರೆಮಾಡುವುದು. ತರಗತಿಗಳನ್ನು ಮಿತಿಮೀರಿ ಹೆಚ್ಚಿಸಿದರೂ ಒಂದೊಂದರಲ್ಲಿ ಒಂದೆರಡೇ ಹೊಲಗಳು ಉಳಿದು ಪ್ರಯೋಜನವು ಕೆಡುವುದು.

'ಆರ್' ಮೊದಲಾದ ಗಣಕಭಾಷೆಗಳಲ್ಲಿ ಬರೆದ ನಾಲ್ಕಾರು ಸಾಲುಗಳ ಆದೇಶವು ಸಾವಿರಾರು ಹೊಲಗಳ ದಾಖಲೆಯನ್ನು ವಿಂಗಡಿಸಿ ಇಂಥ ತಖ್ತೆಯನ್ನು ಕ್ಷಣಮಾತ್ರದಲ್ಲಿ ಸಿದ್ಧಪಡಿಸುವುದು. ಆದರೆ ದಾಖಲೆಯಲ್ಲಿ ಬರೆಯದಿರುವುದನ್ನು ಯಂತ್ರವು ತಾನಾಗಿ ಅರಿಯಲಾರದು. ಕೊಳವೆ ಬಾವಿ ಬತ್ತಿದ ಹೊಲವು ನೀರಾವರಿಯೆಂದೇ ಉಳಿದಿದ್ದರೆ ತಖ್ತೆಯೂ ಹಾಗೆಯೇ ಹೇಳುವುದು.

ಇದರ ಪರಿಣಾಮವು ಕಾಗದದ ಮೇಲೆಯೇ ನಿಲ್ಲುವುದಿಲ್ಲ. 2016ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ನಷ್ಟದ ಪರಿಹಾರವು ಒಬ್ಬ ರೈತನ ಹೊಲವನ್ನು ನೋಡಿ ನಿರ್ಣಯವಾಗುವುದಿಲ್ಲ. ವಿಮಾ ಘಟಕದ ಸರಾಸರಿಯನ್ನು ಅವಲಂಬಿಸಿರುವುದು. ನೀರು ಹಾಯಿಸಿದ ಹೊಲದ ಇಳುವರಿಯು ಮಳೆಯಾಶ್ರಿತ ರಾಗಿಯ ಲೆಕ್ಕದಲ್ಲಿ ಸೇರಿದರೆ ಸರಾಸರಿಯು ಏರಿ, ಪೈರು ಒಣಗಿದ ರೈತರ ಪರಿಹಾರವು ಕುಗ್ಗುವುದು ಅಥವಾ ಇಲ್ಲವಾಗುವುದು.

ಬೆಳೆ ಸಮೀಕ್ಷೆಯ ಕಾಲದಲ್ಲಿ ಪ್ರತಿ ಹೊಲದ ನೀರಿನ ಆಸರೆಯನ್ನು ಇದ್ದಂತೆಯೇ ಬರೆಯಿಸುವುದೂ, ಗ್ರಾಮಸಭೆಯಲ್ಲಿ ತರಗತಿವಾರು ತಖ್ತೆಯನ್ನು ಓದಿಸಿ ಪರಿಶೀಲಿಸುವುದೂ ಮುಖಂಡರ ಕರ್ತವ್ಯ. ಇದಕ್ಕೆ ಹಣದ ವೆಚ್ಚವಿಲ್ಲ, ಲಕ್ಷ್ಯವೊಂದೇ ಸಾಕು.