ಹಳ್ಳಿಯ ತಂತ್ರಜ್ಞಾನ: ಒಪ್ಪಿಸಬೇಕಾದ್ದು ಪಕ್ಕದ ಮೇಜಿನವರನ್ನು

ಹಳ್ಳಿಗಳಿಗೆ ಕೈಗೆಟಕುವ ತಂತ್ರಜ್ಞಾನದ ಮಾತು ಬಂದಾಗೆಲ್ಲ ಎರಡು ಪ್ರಶ್ನೆ ಏಳುತ್ತವೆ: ಬೆಲೆ ಎಷ್ಟು, ಸಬ್ಸಿಡಿ ಎಷ್ಟು? ಈ ಎರಡಕ್ಕೂ ಉತ್ತರ ಸಿಕ್ಕ ಮೇಲೂ ಎಷ್ಟೋ ಒಳ್ಳೆಯ ಸಾಧನಗಳು ಪ್ರಯೋಗಾಲಯದ ಅಂಗಳ ದಾಟುವುದಿಲ್ಲ. ದಾಟಿದವು ಹೇಗೆ ದಾಟಿದವು ಎಂದು ಹಿಂದಕ್ಕೆ ಹೋಗಿ ನೋಡಿದರೆ, ಹಳ್ಳಿಯವರಿಗಿಂತ ಮೊದಲು ಒಪ್ಪಬೇಕಾಗಿದ್ದವರು ಬೇರೆಯವರೇ ಎಂಬುದು ಕಾಣುತ್ತದೆ. ಪಕ್ಕದ ವಿಭಾಗದ ಪ್ರಾಧ್ಯಾಪಕರು, ಎಸ್ಟಿಮೇಟ್ ಬರೆಯುವ ಎಂಜಿನಿಯರ್, ಸಾಲಕ್ಕೆ ಸಹಿ ಹಾಕುವ ಬ್ಯಾಂಕ್ ಮ್ಯಾನೇಜರ್. ಇವರ ಮೇಲೆ ಅಧಿಕಾರ ಚಲಾಯಿಸಲಾಗದವರು ಇವರ ಮನಸ್ಸನ್ನು ತಿರುಗಿಸಿದ ಕಥೆಯೇ ಕರ್ನಾಟಕದ ಗ್ರಾಮೀಣ ತಂತ್ರಜ್ಞಾನದ ಕಥೆ. ಅದನ್ನು ಯಾರೂ ಆ ದೃಷ್ಟಿಯಿಂದ ಹೇಳಿಲ್ಲ ಎಂಬುದು ನನ್ನ ಕೊರಗು.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಹುಟ್ಟಿತು. ವಿಜ್ಞಾನ, ತಂತ್ರಜ್ಞಾನಗಳನ್ನು ಗ್ರಾಮೀಣ ಪ್ರದೇಶಗಳಿಗೆ ಅನ್ವಯಿಸುವುದು ಅದರ ಕೆಲಸ. ಹುಟ್ಟುಹಾಕಿದವರು ಅಮೂಲ್ಯ ಕುಮಾರ್ ಎನ್. ರೆಡ್ಡಿ. ಬೆಂಗಳೂರಿನಲ್ಲೇ ಹುಟ್ಟಿದ ರೆಡ್ಡಿಯವರು ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಆಗಲೇ ದೊಡ್ಡ ಹೆಸರು. ಅದೇ ಕ್ಷೇತ್ರದ ಬಾಕ್ರಿಸ್ ಜೊತೆ ಸೇರಿ ಅವರು ಬರೆದ ಪಠ್ಯಪುಸ್ತಕ 1970ರಲ್ಲಿ ಹೊರಬಂದು ಹಲವು ದೇಶಗಳ ವಿದ್ಯಾರ್ಥಿಗಳ ಕೈಯಲ್ಲಿತ್ತು. ಅಂಥವರು ಒಲೆ, ಸಗಣಿ, ಮಣ್ಣಿನ ಇಟ್ಟಿಗೆಯ ಕಡೆ ಹೊರಳಿದರು. ಒಬ್ಬರೇ ಹೊರಳಿದ್ದರೆ ಅದು ಒಬ್ಬ ವಿಜ್ಞಾನಿಯ ತ್ಯಾಗದ ಕಥೆಯಾಗಿ ಉಳಿದುಬಿಡುತ್ತಿತ್ತು. ಆದರೆ ಅವರ ಜೊತೆ ಬೇರೆ ಬೇರೆ ವಿಭಾಗಗಳ ಸಹೋದ್ಯೋಗಿಗಳೂ ಬಂದರು. ಸಿವಿಲ್ ಎಂಜಿನಿಯರಿಂಗ್‌ನ ಕೆ.ಎಸ್. ಜಗದೀಶ್ ಮಣ್ಣಿನ ಕಟ್ಟಡಗಳಿಗೆ ಕೈ ಹಾಕಿದರು. ವೈಮಾನಿಕ ವಿಭಾಗದಲ್ಲಿ ದಹನ ಶಾಸ್ತ್ರದ ತಜ್ಞರಾಗಿದ್ದ ಎಚ್.ಎಸ್. ಮುಕುಂದ ಕಟ್ಟಿಗೆಯಿಂದ ಅನಿಲ ತೆಗೆಯುವ ಗ್ಯಾಸಿಫೈಯರ್‌ಗಳ ಕಡೆ ತಿರುಗಿದರು. ಎನ್.ಎಚ್. ರವೀಂದ್ರನಾಥ್ ಹಳ್ಳಿಯ ಉರುವಲು, ಕಾಡುಗಳ ಲೆಕ್ಕಕ್ಕೆ ಕುಳಿತರು.

ಇಷ್ಟು ಜನ ಯಾಕೆ ಬಂದರು? ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರ ಬೆಂಬಲವಿತ್ತು, ಅದು ಸಣ್ಣ ಮಾತಲ್ಲ. ಆದರೆ ನಿರ್ದೇಶಕರ ಬೆಂಬಲದಿಂದ ಹಣ ಬರುತ್ತದೆ, ಜಾಗ ಸಿಗುತ್ತದೆ, ಆಸಕ್ತಿ ಹುಟ್ಟುವುದಿಲ್ಲ. ವಿದೇಶಿ ಪತ್ರಿಕೆಗಳಲ್ಲಿ ಬರುವ ಪ್ರಬಂಧವೇ ಬಡ್ತಿಗೂ ಗೌರವಕ್ಕೂ ಅಳತೆಗೋಲಾಗಿದ್ದ ಸಂಸ್ಥೆಯಲ್ಲಿ, ಒಲೆಯ ಮೇಲೆ ಕೆಲಸ ಮಾಡುವ ಪ್ರಾಧ್ಯಾಪಕನನ್ನು ಅನುಮಾನದಿಂದ ನೋಡುವುದು ಸಹಜ. ರೆಡ್ಡಿಯವರ ಗುಂಪು ಕರುಣೆಯ ಭಾಷೆಯನ್ನು ಪಕ್ಕಕ್ಕಿಟ್ಟು ಸಹೋದ್ಯೋಗಿಗಳ ಮುಂದೆ ಒಂದೊಂದು ಸಮಸ್ಯೆಯನ್ನು ಇಟ್ಟದ್ದು ಫಲ ಕೊಟ್ಟಿತು ಎಂಬುದು ನನ್ನ ಓದು. ದಹನ ಬಲ್ಲವರಿಗೆ ಒಲೆ ದಹನದ ಸಮಸ್ಯೆ. ರಚನೆಗಳನ್ನು ಬಲ್ಲವರಿಗೆ ಮಣ್ಣಿನ ಗೋಡೆ ರಚನೆಯ ಸಮಸ್ಯೆ. ಹಳ್ಳಿಗೆ ಉಪಕಾರ ಮಾಡು ಎಂದು ಕೇಳಿದರೆ ಸಹೋದ್ಯೋಗಿ ಒಂದು ಭಾನುವಾರ ಕೊಟ್ಟಾನು. ಅವನದೇ ವಿದ್ಯೆಗೆ ಸವಾಲಾಗುವ ಪ್ರಶ್ನೆ ಕೊಟ್ಟರೆ ಹತ್ತು ವರ್ಷ ಕೊಡುತ್ತಾನೆ.

ಆ ಒಲೆಯನ್ನೇ ಹತ್ತಿರದಿಂದ ನೋಡೋಣ. ಮೂರು ಕಲ್ಲಿನ ಒಲೆಯಲ್ಲಿ ಬೆಂಕಿಗೆ ಸುತ್ತಲಿಂದಲೂ ಗಾಳಿ ನುಗ್ಗುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಬಂದ ಗಾಳಿ ಕಾವನ್ನು ಹೊತ್ತುಕೊಂಡು ಹೋಗಿಬಿಡುತ್ತದೆ. ಉರಿದ ಸೌದೆಯ ಶಾಖದಲ್ಲಿ ಪಾತ್ರೆಗೆ ದಕ್ಕುವುದು ಶೇ 10ರ ಆಸುಪಾಸು. ಉಳಿದದ್ದು ಅಡುಗೆಮನೆಯ ಗೋಡೆಗೆ, ಹೊಗೆ ಅಡುಗೆ ಮಾಡುವವಳ ಕಣ್ಣಿಗೆ, ಎದೆಗೆ. ಅಸ್ತ್ರ ಒಲೆಯಲ್ಲಿ ಸೌದೆ ಒಂದು ಜಾಲರಿಯ ಮೇಲೆ ಕೂರುತ್ತದೆ, ಗಾಳಿ ಜಾಲರಿಯ ಕೆಳಗಿನಿಂದ ಅಳತೆಗೆ ತಕ್ಕಂತೆ ಬರುತ್ತದೆ, ಸೌದೆ ಹಾಕುವ ಬಾಯಿಗೆ ಮುಚ್ಚಳ. ಬಿಸಿ ಗಾಳಿ ಒಂದಾದ ಮೇಲೊಂದರಂತೆ ಮೂರು ಪಾತ್ರೆಗಳ ತಳ ಸವರಿ ಕೊಳವೆಯ ಮೂಲಕ ಚಾವಣಿ ದಾಟುತ್ತದೆ. ಪ್ರಯೋಗಾಲಯದಲ್ಲಿ ಇದರ ದಕ್ಷತೆ ಶೇ 40 ಮುಟ್ಟಿತು. ಮಣ್ಣು, ಇಟ್ಟಿಗೆ, ಒಂದು ಜಾಲರಿ, ಒಂದು ಕೊಳವೆ, ಸಾಮಗ್ರಿ ಇಷ್ಟೇ. ಆದರೆ ಅಳತೆ ತಪ್ಪುವಂತಿಲ್ಲ. ಪಾತ್ರೆಯ ತಳಕ್ಕೂ ಒಲೆಯ ನೆಲಕ್ಕೂ ನಡುವಿನ ಸಂದು ಸ್ವಲ್ಪ ಹೆಚ್ಚಾದರೂ ಶಾಖ ಪಾತ್ರೆಯನ್ನು ಮುಟ್ಟದೆ ಜಾರಿ ಹೋಗುತ್ತದೆ. ಹಾಗಾಗಿ ಒಲೆಯ ಹಣೆಬರಹ ನಿಂತದ್ದು ಅದನ್ನು ಕಟ್ಟುವವರ ಕೈಯ ಮೇಲೆ.

ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ 1983ರಲ್ಲಿ ಶುರುವಾಗಿ 2002ರವರೆಗೆ ನಡೆಯಿತು. ಅಷ್ಟು ದೀರ್ಘ ಕಾರ್ಯಕ್ರಮದ ದೊಡ್ಡ ದೋಷವೆಂದರೆ ಒಲೆಗಳ ಸಂಖ್ಯೆ ಎಣಿಸಿದ್ದು, ಉರಿಯುತ್ತಿರುವ ಒಲೆಗಳನ್ನು ಎಣಿಸದೇ ಇದ್ದದ್ದು. ಗುರಿ ಮುಟ್ಟಿಸಬೇಕಾದ ಸಿಬ್ಬಂದಿಗೆ ಕೊಳವೆ ಕಟ್ಟಿಕೊಂಡಿದೆಯೇ, ಆ ಮನೆಯವರು ವಾರದಲ್ಲೇ ಹಳೆಯ ಒಲೆಗೆ ಮರಳಿದರೇ ಎಂದು ನೋಡಲು ಯಾವ ಕಾರಣವೂ ಇರಲಿಲ್ಲ. ಅವರನ್ನು ಯಾರೂ ಒಪ್ಪಿಸಿರಲಿಲ್ಲ, ಆದೇಶ ಕಳಿಸಿದ್ದರು ಅಷ್ಟೆ. ಮುಂದೆ ಸ್ವಾತಿ ಭೋಗ್ಲೆ ಬೆಂಗಳೂರಿನ ‘ಟೈಡ್’ ಸಂಸ್ಥೆಯ ಮೂಲಕ ಬೇರೆ ದಾರಿ ಹಿಡಿದರು. ಒಲೆ ಕಟ್ಟುವುದನ್ನು ಹೆಣ್ಣುಮಕ್ಕಳಿಗೆ ಕಲಿಸಿ, ಅದನ್ನೇ ಅವರ ದುಡಿಮೆಯಾಗಿಸುವ ದಾರಿ ಅದು. ಕಟ್ಟಿದ ಒಲೆ ಕೆಟ್ಟರೆ ಪಕ್ಕದ ಮನೆಯವಳು ಮುಂದಿನ ಒಲೆ ಕಟ್ಟಿಸುವುದಿಲ್ಲ. ಯಾವ ತಪಾಸಣಾ ಅಧಿಕಾರಿಗಿಂತಲೂ ಆ ಭಯ ಚೆನ್ನಾಗಿ ಕೆಲಸ ಮಾಡುತ್ತದೆ. ಆ ಸಂಸ್ಥೆಗೆ 2008ರಲ್ಲಿ ಬ್ರಿಟನ್ನಿನ ಆಶ್‌ಡೆನ್ ಪ್ರಶಸ್ತಿ ಬಂತು. 2016ರ ಉಜ್ವಲಾ ಯೋಜನೆಯ ನಂತರ ಒಲೆಯ ಪ್ರಶ್ನೆ ಮುಗಿಯಿತು ಎಂದುಕೊಂಡವರು ಹಳ್ಳಿಯ ಬಚ್ಚಲುಮನೆಗೆ ಹೋಗಿ ನೋಡಬೇಕು. ಅನ್ನ ಗ್ಯಾಸಿನ ಮೇಲೆ ಆದರೂ ಸ್ನಾನದ ಹಂಡೆಯ ಕೆಳಗೆ ಇವತ್ತಿಗೂ ಸೌದೆಯೇ.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅಸ್ತ್ರ ತನ್ನ ವಿಸ್ತರಣಾ ಕೇಂದ್ರ ತೆರೆಯಿತು. ಸುತ್ತಲಿನ ಹಳ್ಳಿಗಳಲ್ಲಿ ಯಾರು ಎಷ್ಟು ಸೌದೆ ಉರಿಸುತ್ತಾರೆ, ಎಷ್ಟು ದೂರದಿಂದ ನೀರು ತರುತ್ತಾರೆ, ಎಷ್ಟು ಹೊತ್ತು ದನ ಮೇಯಿಸುತ್ತಾರೆ ಎಂದು ಮನೆಮನೆಗೆ ಹೋಗಿ ಅಳೆದರು. ಹಳ್ಳಿಯ ಶಕ್ತಿಯ ಬಹುಪಾಲು ಸೌದೆಯಿಂದ ಬರುತ್ತಿತ್ತು, ಅದರಲ್ಲಿ ಹೆಚ್ಚಿನದು ಅಡುಗೆಗೆ ಹೋಗುತ್ತಿತ್ತು. ಸೌದೆ ಆರಿಸಿ ತರುವುದಕ್ಕೇ ಒಂದು ಮನೆ ದಿನಕ್ಕೆ ಎರಡು ಗಂಟೆಗೂ ಹೆಚ್ಚು ಕಳೆಯುತ್ತಿತ್ತು. ಆ ಹೊರೆಯಲ್ಲಿ ಹೆಂಗಸರದೂ ಮಕ್ಕಳದೂ ದೊಡ್ಡ ಪಾಲು. ವಿದ್ಯುತ್ ಮಂಡಳಿಯ ಲೆಕ್ಕದಲ್ಲಾಗಲಿ ಪೆಟ್ರೋಲಿಯಂ ಇಲಾಖೆಯ ಲೆಕ್ಕದಲ್ಲಾಗಲಿ ಈ ಯಾವುದೂ ಇರಲಿಲ್ಲ. ದೆಹಲಿಯ ಯೋಜಕರ ಜೊತೆ ವಾದ ಮಾಡಲು ರೆಡ್ಡಿಯವರಿಗೆ ಸಿಕ್ಕ ಬಲವಾದ ಆಧಾರ ಈ ಅಂಕಿಅಂಶ. ಅದನ್ನು ಅಳೆದು ತಂದವರು ಸ್ವತಃ ಬದಲಾಗಿದ್ದರು ಎಂಬುದು ಇನ್ನೂ ದೊಡ್ಡ ಲಾಭ.

ಅಲ್ಲೇ ಹತ್ತಿರದ ಪುರ ಎಂಬ ಹಳ್ಳಿ ವಿಜ್ಞಾನಿಗಳಿಗೆ ಕಲಿಸಿದ ಪಾಠ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಹೇಳಬೇಕಾದದ್ದು. ಊರಿನ ಸಗಣಿಯನ್ನೆಲ್ಲ ಒಂದು ಕಡೆ ಸೇರಿಸಿ, ಗೊಬ್ಬರ ಗ್ಯಾಸ್ ಮಾಡಿ, ಮನೆಮನೆಯ ಅಡುಗೆಗೆ ಕೊಡುವುದು ಮೊದಲ ಯೋಚನೆ. ಲೆಕ್ಕ ಹೊಂದಲಿಲ್ಲ. ಸಿಗುವ ಸಗಣಿಯಿಂದ ಊರಿಗೆಲ್ಲ ಅಡುಗೆಯಾಗುವಷ್ಟು ಅನಿಲ ಬರುವಂತಿರಲಿಲ್ಲ. ಊರಿನವರಿಗೆ ಎಲ್ಲಕ್ಕಿಂತ ಮುಂಚೆ ಬೇಕಾಗಿದ್ದದ್ದು ಕುಡಿಯುವ ನೀರು. ಆಗ ತಂಡ ತನ್ನ ಯೋಜನೆಯನ್ನೇ ತಿರುಗಿಸಿತು. ಅದೇ ಅನಿಲವನ್ನು ಡೀಸೆಲ್ ಎಂಜಿನ್‌ಗೆ ಹಾಯಿಸಿ ವಿದ್ಯುತ್ ತೆಗೆದು, 1987ರಿಂದ ಕೊಳವೆಬಾವಿಯ ನೀರನ್ನು ನಲ್ಲಿಗೂ ಬೆಳಕನ್ನು ಮನೆಗಳಿಗೂ ಕೊಟ್ಟಿತು. ಸಗಣಿ ತಂದುಕೊಟ್ಟ ಮನೆಗೆ ಬಗ್ಗಡ ಗೊಬ್ಬರವಾಗಿ ಮರಳುತ್ತಿತ್ತು, ತಂದ ಶ್ರಮಕ್ಕೆ ಒಂದಿಷ್ಟು ಕಾಸೂ ಸಿಗುತ್ತಿತ್ತು. ಸ್ಥಾವರ ನಡೆಸಿದವರು ಊರಿನ ಹುಡುಗರೇ. ತಾನು ತಂದ ಉತ್ತರಕ್ಕಿಂತ ಊರಿನ ಪ್ರಶ್ನೆ ದೊಡ್ಡದು ಎಂದು ಒಪ್ಪಿಕೊಳ್ಳುವ ವಿಜ್ಞಾನಿಯನ್ನು ಅವನ ಸಹೋದ್ಯೋಗಿ ನಂಬುತ್ತಾನೆ. ಒಪ್ಪಿಕೊಳ್ಳದವನ ಪ್ರಾತ್ಯಕ್ಷಿಕೆಗೆ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾನೆ.

ಜಗದೀಶ್ ಮತ್ತವರ ಸಂಗಡಿಗರ ಮಣ್ಣಿನ ಇಟ್ಟಿಗೆಯ ಮುಂದೆ ಇದ್ದದ್ದು ಬೇರೆ ಬಗೆಯ ಗೋಡೆ. ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟ್ ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಸುಡದೆ, ಕೆಲವು ವಾರ ತೇವದಲ್ಲಿಟ್ಟರೆ ಇಟ್ಟಿಗೆ ಸಿದ್ಧ. ಗೂಡಿಗೆ ಸುರಿಯುವ ಸೌದೆ ಉಳಿಯಿತು. ಮಣ್ಣು ಆ ನಿವೇಶನದ್ದೇ. ಹಳ್ಳಿಯ ಬಡವನಿಗೆಂದು ಹೊರಟ ಈ ಇಟ್ಟಿಗೆಯನ್ನು ಬೆಂಗಳೂರಿನ ವಾಸ್ತುಶಿಲ್ಪಿಗಳು ಬೇಗ ಅಪ್ಪಿಕೊಂಡರು, ಹಳ್ಳಿಯ ಸರ್ಕಾರಿ ಮನೆಗಳು ಆ ವೇಗದಲ್ಲಿ ಅಪ್ಪಿಕೊಳ್ಳಲಿಲ್ಲ. ಕಾರಣ ಇಟ್ಟಿಗೆಯಲ್ಲಿಲ್ಲ. ಸರ್ಕಾರಿ ಕಾಮಗಾರಿಯ ಎಸ್ಟಿಮೇಟ್ ನಡೆಯುವುದು ಲೋಕೋಪಯೋಗಿ ಇಲಾಖೆಯ ದರಪಟ್ಟಿಯ ಮೇಲೆ, ಎಲ್ಲರೂ ‘ಎಸ್‌ಆರ್’ ಎನ್ನುವ ಪುಸ್ತಕದ ಮೇಲೆ. ಅದರಲ್ಲಿಲ್ಲದ ಸಾಮಗ್ರಿ ಹಾಕಬೇಕೆಂದರೆ ದರ ವಿಶ್ಲೇಷಣೆ ಬರೆಯಬೇಕು, ಮೇಲಿನವರ ಒಪ್ಪಿಗೆ ತರಬೇಕು, ನಾಳೆ ಆಡಿಟ್ ಬಂದರೆ ಉತ್ತರ ಕೊಡಬೇಕು. ಸುಟ್ಟ ಇಟ್ಟಿಗೆ ಬರೆದ ಎಂಜಿನಿಯರನ್ನು ಯಾರೂ ಏನೂ ಕೇಳುವುದಿಲ್ಲ. ಹೊಸದನ್ನು ಬರೆದವನ ಮೇಲೆ ಮಾತ್ರ ಕಡತ ತೆರೆಯುತ್ತದೆ. ಇದನ್ನು ಆ ಎಂಜಿನಿಯರ್‌ನ ಸೋಮಾರಿತನ ಎನ್ನುವುದು ಅನ್ಯಾಯ. ಅವನ ಅಪಾಯದಲ್ಲಿ ಪಾಲು ತೆಗೆದುಕೊಳ್ಳುವ ಒಬ್ಬ ಹಿರಿಯ ಸಹೋದ್ಯೋಗಿ ಆ ಕಚೇರಿಯಲ್ಲಿದ್ದರೆ ಕೆಲಸ ಆಗುತ್ತದೆ, ಇಲ್ಲದಿದ್ದರೆ ಇಲ್ಲ.

ಸೌರಶಕ್ತಿಯ ಕಥೆಯಲ್ಲಿ ಈ ಮಾತು ಇನ್ನೂ ಸ್ಪಷ್ಟ. ಹರೀಶ್ ಹಂದೆ 1995ರಲ್ಲಿ ನೆವಿಲ್ ವಿಲಿಯಮ್ಸ್ ಜೊತೆ ಸೇರಿ ಸೌರದೀಪದ ಕಂಪನಿ ಸೆಲ್ಕೋ ಕಟ್ಟಿದಾಗ ಫಲಕವೂ ಬ್ಯಾಟರಿಯೂ ಬಡವರಿಗೆ ದುಬಾರಿಯಾಗಿದ್ದವು. ಅವರು ಹಿಡಿದ ದಾರಿ ಸಾಲ. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ರೂಪಾಯಿ ಹಗುರ ಎಂಬುದನ್ನು ಅವರು ಅನೇಕ ವೇದಿಕೆಗಳಲ್ಲಿ ಹೇಳಿದ್ದಾರೆ. ಲೆಕ್ಕ ಒಂದೇ, ಆದರೆ ದುಡಿಮೆ ದಿನದಿನಕ್ಕೆ ಕೈ ಸೇರುವವರಿಗೆ ಕಂತೂ ದಿನದ್ದೇ ಆಗಿರಬೇಕು. ಈ ಸರಳ ಮಾತನ್ನು ಒಪ್ಪಬೇಕಾದವರು ಬ್ಯಾಂಕ್ ಮ್ಯಾನೇಜರ್. ಅವರ ಕಡೆಯಿಂದಲೂ ಯೋಚಿಸಿ. ಹಸುವಿಗೆ ಸಾಲ ಕೊಟ್ಟರೆ ಹಾಲು ಬರುತ್ತದೆ, ಕಂತು ಬರುತ್ತದೆ. ದೀಪಕ್ಕೆ ಕೊಟ್ಟರೆ ಏನು ಬರುತ್ತದೆ? ಕೆಟ್ಟರೆ ರಿಪೇರಿ ಯಾರದು? ಸಾಲ ತೀರಿಸದಿದ್ದರೆ ಜಪ್ತಿ ಮಾಡಿದ ಫಲಕವನ್ನು ಕೊಳ್ಳುವವರು ಯಾರು? ಒಂದೊಂದೂ ನ್ಯಾಯವಾದ ಪ್ರಶ್ನೆ. ಉತ್ತರ ಕರಪತ್ರದಲ್ಲಿರಲಿಲ್ಲ. ದೀಪ ಬಂದ ಮೇಲೆ ರಾತ್ರಿ ಇನ್ನೆರಡು ಗಂಟೆ ಹೊಲಿಯುವ ದರ್ಜಿ, ಹೆಚ್ಚು ಬೀಡಿ ಕಟ್ಟುವ ಮನೆ, ತಾಲ್ಲೂಕಿನಲ್ಲೇ ಇರುವ ರಿಪೇರಿ ಹುಡುಗ, ಇವೇ ಉತ್ತರ.

ಒಬ್ಬ ಮ್ಯಾನೇಜರ್ ಒಪ್ಪಿ ಕೊಟ್ಟ ಸಾಲ ಸರಿಯಾಗಿ ಮರಳಿದರೆ, ಪಕ್ಕದ ಶಾಖೆಯ ಮ್ಯಾನೇಜರ್ ಕಂಪನಿಯವರನ್ನು ಕೇಳುವುದಿಲ್ಲ. ತನ್ನ ಸಹೋದ್ಯೋಗಿಗೇ ಫೋನ್ ಮಾಡುತ್ತಾನೆ. ಬ್ಯಾಂಕಿನವನು ನಂಬುವುದು ಬ್ಯಾಂಕಿನವನನ್ನೇ. ಮಲಪ್ರಭಾ ಗ್ರಾಮೀಣ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್‌ಗಳಲ್ಲಿ ಸೌರ ಸಾಲ ಬೇರೂರಿದ್ದಕ್ಕೆ ಈ ಒಳಗಿನ ನಂಬಿಕೆಯೇ ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳ ಜೊತೆ ಸೌರ ಸಾಲ ಯೋಜನೆ ಆರಂಭಿಸಿದಾಗ ಬಡ್ಡಿಗೆ ರಿಯಾಯಿತಿ ಕೊಟ್ಟಿತು, ಜೊತೆಗೆ ಶಾಖಾ ಸಿಬ್ಬಂದಿಗೆ ತರಬೇತಿಯನ್ನೂ ಕೊಟ್ಟಿತು. ಕೆಲವೇ ವರ್ಷಗಳಲ್ಲಿ 16,000ಕ್ಕೂ ಹೆಚ್ಚು ಮನೆಗಳಿಗೆ ಸಾಲ ಹೋಯಿತು. ರಿಯಾಯಿತಿಯನ್ನು ಹಂತಹಂತವಾಗಿ ತೆಗೆಯಲಾಯಿತು, ತರಬೇತಿ ಪಡೆದವರ ಅನುಭವ ಉಳಿಯಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಆ ಗೌರವದಲ್ಲಿ ಹೆಸರಿಲ್ಲದ ನೂರಾರು ಶಾಖಾ ಮ್ಯಾನೇಜರ್‌ಗಳಿಗೂ ಪಾಲಿತ್ತು.

ಆದರೆ ಒಪ್ಪಿದ ಮ್ಯಾನೇಜರ್ ಆ ಶಾಖೆಯಲ್ಲಿ ಉಳಿಯುವುದಿಲ್ಲ. ಎರಡು ಮೂರು ವರ್ಷಕ್ಕೆ ವರ್ಗಾವಣೆ. ಹೊಸಬರು ಬಂದ ದಿನ ಅದೇ ಪ್ರಶ್ನೆಗಳು ಮೊದಲಿನಿಂದ ಶುರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಸಹಾಯಕ ಎಂಜಿನಿಯರ್, ತಾಲ್ಲೂಕು ಆರೋಗ್ಯಾಧಿಕಾರಿ, ಎಲ್ಲರದೂ ಇದೇ ಪಾಡು. ಮನವೊಲಿಸಿದ ಮನುಷ್ಯ ಹೋದಾಗ ಮನವೊಲಿಕೆಯೂ ಅವನ ಪೆಟ್ಟಿಗೆಯಲ್ಲೇ ಹೋಗುತ್ತದೆ. ವೈಯಕ್ತಿಕ ಪ್ರಭಾವದಿಂದ ಗೆದ್ದದ್ದನ್ನು ಕಾಗದದ ಮೇಲೆ ತರದಿದ್ದರೆ ಗ್ರಾಮೀಣ ತಂತ್ರಜ್ಞಾನ ಪ್ರತಿ ಮೂರು ವರ್ಷಕ್ಕೊಮ್ಮೆ ಹೊಸದಾಗಿ ಹುಟ್ಟುತ್ತಲೇ ಇರುತ್ತದೆ. ರೆಡ್ಡಿಯವರಿಗೆ ಇದು ಗೊತ್ತಿತ್ತು ಎನಿಸುತ್ತದೆ. ಅಸ್ತ್ರದ ಜೊತೆಗೇ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಕಾರ್ಯದರ್ಶಿಯ ಹೊಣೆಯನ್ನೂ ಅವರು ಹೊತ್ತರು. ಪ್ರಯೋಗಾಲಯದ ಮಾತನ್ನು ಸರ್ಕಾರದ ಕಡತದ ಭಾಷೆಗೆ ತರುವ ಜಾಗ ಅದು.

ನವೀಕರಿಸಬಹುದಾದ ಇಂಧನಕ್ಕೆ ಕೊಡುವ ಸಾಲವನ್ನು ರಿಸರ್ವ್ ಬ್ಯಾಂಕ್ ಆದ್ಯತಾ ವಲಯದಲ್ಲಿ ಪ್ರತ್ಯೇಕ ವರ್ಗವಾಗಿ ಸೇರಿಸಿದ್ದು 2015ರಲ್ಲಿ. ಸೆಲ್ಕೋ ಹುಟ್ಟಿ 20 ವರ್ಷ ಕಳೆದಿತ್ತು. ಸುತ್ತೋಲೆಯಲ್ಲಿ ಇರುವುದು ಶಾಖೆಯ ಮೇಜಿಗೆ ಬರಲು ಇನ್ನೂ ಕೆಲಸ ಬೇಕು, ಅದನ್ನು ರಾಜ್ಯ ಮಟ್ಟದ ಬ್ಯಾಂಕರ್‌ಗಳ ಸಮಿತಿ ಮಾಡಬಹುದು. ವರ್ಗಾವಣೆಯಾಗಿ ಹೋಗುವ ಮ್ಯಾನೇಜರ್ ತಾನು ಕೊಟ್ಟ ಇಂಥ ಸಾಲಗಳ ಮರುಪಾವತಿಯ ವಿವರವನ್ನೂ ರಿಪೇರಿಯವರ ವಿಳಾಸವನ್ನೂ ಬರೆದಿಟ್ಟು, ಹೊಸಬರನ್ನು ಸಾಲಗಾರರ ನಾಲ್ಕು ಮನೆಗೆ ಕರೆದುಕೊಂಡು ಹೋಗಿ ಬರುವ ನಿಯಮ ಮಾಡಲಿ. ಲೋಕೋಪಯೋಗಿ ಇಲಾಖೆ ಸುಡದ ಇಟ್ಟಿಗೆಯಂಥ ಸಾಮಗ್ರಿಗಳನ್ನು ಪ್ರತಿ ಜಿಲ್ಲೆಯ ಎಸ್‌ಆರ್‌ನಲ್ಲೂ ಸುಟ್ಟ ಇಟ್ಟಿಗೆಯ ಪಕ್ಕದಲ್ಲೇ ಮುದ್ರಿಸಲಿ. ವಿಶ್ವವಿದ್ಯಾಲಯಗಳ ಬಡ್ತಿ ಸಮಿತಿಗಳು, ಹಳ್ಳಿಯಲ್ಲಿ ಐದು ವರ್ಷವಾದರೂ ಕೆಡದೆ ನಡೆದ ಸಾಧನಕ್ಕೆ ಪ್ರಬಂಧಕ್ಕೆ ಕೊಡುವಷ್ಟೇ ಅಂಕ ಕೊಡಲಿ. ಈ ಮೂರಕ್ಕೂ ಹೊಸ ಅನುದಾನ ಬೇಕಿಲ್ಲ. ಮುಂದಿನ ಅಮೂಲ್ಯ ರೆಡ್ಡಿ ಯಾವುದೋ ವಿಭಾಗದಲ್ಲಿ ಈಗಲೇ ಕುಳಿತಿದ್ದರೆ, ತನ್ನ ಪಕ್ಕದ ಕೋಣೆಯ ಸಹೋದ್ಯೋಗಿಯನ್ನು ಕರೆಯುವಾಗ ಆಕೆಗೆ ಈ ಮೂರರ ಬೆಂಬಲವಾದರೂ ಇರಲಿ.