ಪಟ್ಟಿಯಲ್ಲಿ ‘ಭಾಷೆ’ ಇಲ್ಲದಿದ್ದರೆ ದೂರು ಕೊಡುವುದು ಯಾವ ಲೆಕ್ಕದಲ್ಲಿ?

ಬೋವಿಕಾನ: ಅಡಿಕೆ ಮಾರಿ ಬಸ್ಸಿಗೆ ಕಾಯುತ್ತಿದ್ದ ನೆರೆಮನೆಯ ಕೃಷಿಕರೊಬ್ಬರು ಮೊನ್ನೆ ನನ್ನಲ್ಲಿ ಒಂದು ಮಾತು ಕೇಳಿದರು. ಅವರ ಮಗಳು ದೂರದ ಒಂದು ಕಾಲೇಜಿನ ಹಾಸ್ಟೆಲಿನಲ್ಲಿದ್ದಾಳೆ. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ, ‘ಕನ್ನಡಕ್ಕಾರಿ’ ಎಂದೇ ಕರೆಯುವುದು. ಮಲೆಯಾಳ ಮಾತಾಡಿದರೆ ಉಚ್ಚಾರ ಅಣಕಿಸುತ್ತಾರೆ. ಊಟಕ್ಕೆ ಬಂದು ಕುಳಿತರೆ ಪಕ್ಕದವರು ತಟ್ಟೆ ಎತ್ತಿಕೊಂಡು ಹೋಗುತ್ತಾರೆ. “ಇದಕ್ಕೆಲ್ಲ ಕಂಪ್ಲೇಂಟ್ ಕೊಡ್ಲಿಕ್ಕೆ ಆಗ್ತದಾ ಮಾರಾಯ್ರೆ? ತಮಾಷೆಗೆ ಹೇಳಿದ್ದು ಅಂತ ಹೇಳಿದ್ರೆ ಮುಗೀತಲ್ಲ?”

ಮುಗಿಯುವುದಿಲ್ಲ. ಕೇರಳದ 1998ರ ರ‍್ಯಾಗಿಂಗ್ ನಿಷೇಧ ಕಾಯಿದೆಯಲ್ಲಿ ಕೀಟಲೆ, ಬೈಗುಳ ಮಾತ್ರವಲ್ಲ, ತಮಾಷೆಯ ಹೆಸರಿನಲ್ಲಿ ಮಾಡುವ ಚೇಷ್ಟೆಯೂ ಅಪರಾಧವೇ. ಆ ವಿದ್ಯಾರ್ಥಿಗೆ ಹೆದರಿಕೆ, ನಾಚಿಕೆ, ಮುಜುಗರ ಆಗುವಂತಿದ್ದರೆ ಸಾಕು. ದೂರು ಬಂದ ಏಳು ದಿನಗಳೊಳಗೆ ಸಂಸ್ಥೆಯ ಮುಖ್ಯಸ್ಥರು ವಿಚಾರಣೆ ನಡೆಸಬೇಕು; ಮೇಲ್ನೋಟಕ್ಕೆ ಸತ್ಯವೆಂದು ಕಂಡರೆ ಪೋಲೀಸರಿಗೆ ಕಳುಹಿಸಬೇಕು. ಎರಡು ವರ್ಷದ ವರೆಗೆ ಸಜೆ, ಹತ್ತು ಸಾವಿರ ರೂಪಾಯಿ ವರೆಗೆ ದಂಡ. ದೂರನ್ನು ಅದುಮಿ ಹಿಡಿದ ಮುಖ್ಯಸ್ಥರೂ ಕುಮ್ಮಕ್ಕು ಕೊಟ್ಟವರೆಂದೇ ಲೆಕ್ಕ.

ಇನ್ನು ಯು.ಜಿ.ಸಿ. ವಿಷಯ. ಅದರ ರ‍್ಯಾಗಿಂಗ್ ನಿಯಮಾವಳಿ 2009ರದ್ದು. 2016ರಲ್ಲಿ ಅದಕ್ಕೊಂದು ತಿದ್ದುಪಡಿ ಬಂತು. ಬಣ್ಣ, ಜನಾಂಗ, ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇತ್ಯಾದಿಗಳ ಸಾಲಿನಲ್ಲಿ ‘ಭಾಷಿಕ ಗುರುತು’ ಎಂಬುದನ್ನೂ ಸೇರಿಸಲಾಯಿತು. ಬೆದರಿಸುವುದು ಮಾತ್ರವಲ್ಲ, ಒಬ್ಬರನ್ನು ದೂರ ಇಡುವುದೂ ಅದರಲ್ಲಿ ಬರುತ್ತದೆ. ತಟ್ಟೆ ಎತ್ತಿಕೊಂಡು ಹೋಗುವುದಕ್ಕೆ ಇದಕ್ಕಿಂತ ಸರಿಯಾದ ಕಲಂ ಬೇಕೇ?

ಆದರೆ ಇದು ವಿದ್ಯಾರ್ಥಿಗಳ ನಡುವಿನ ಮಾತು. ಅಣಕಿಸಿದವರು ಮೇಷ್ಟ್ರೇ ಆದರೆ? ಅರ್ಜಿ ಹಿಡಿದು ಹೋದ ಮಗುವನ್ನು ‘ಮೊದಲು ಭಾಷೆ ಕಲಿತು ಬಾ’ ಎಂದು ಆಫೀಸಿನ ಗುಮಾಸ್ತರು ನಾಲ್ಕು ಸಲ ಅಲೆಸಿದರೆ? ಅಲ್ಲಿ ಬೇಕಾಗುವುದು ಯು.ಜಿ.ಸಿ.ಯ ಸಮಾನತೆಯ ನಿಯಮಾವಳಿ. 2012ರ ನಿಯಮಾವಳಿಯಲ್ಲಿ ಜಾತಿ, ಮತ, ಧರ್ಮಗಳ ಜತೆಗೆ ‘ಭಾಷೆ’ ಎಂಬ ಶಬ್ದ ಸ್ಪಷ್ಟವಾಗಿಯೇ ಉಂಟು. ಪ್ರತಿ ಸಂಸ್ಥೆಯಲ್ಲೂ ಸಮಾನಾವಕಾಶ ಘಟಕ, ತಾರತಮ್ಯ ತಡೆ ಅಧಿಕಾರಿ ಇರಬೇಕೆಂದೂ ಅದು ಹೇಳುತ್ತದೆ. ಕಾಗದದಲ್ಲಿ ಚೆನ್ನಾಗಿತ್ತು, ಜಾರಿಯಲ್ಲಿ ಸೊರಗಿತು. 2016ರಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲ, 2019ರಲ್ಲಿ ಮುಂಬಯಿಯಲ್ಲಿ ಡಾ. ಪಾಯಲ್ ತಡ್ವಿ ಪ್ರಾಣ ಕಳಕೊಂಡರು. ನಿಯಮ ಜಾರಿಯಾಗಲಿ ಎಂದು 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಆ ಇಬ್ಬರ ತಾಯಂದಿರು.

ಆ ಮೊಕದ್ದಮೆ ನಡೆಯುತ್ತಿರುವಾಗಲೇ 2026ರ ಜನವರಿ 13ರಂದು ಯು.ಜಿ.ಸಿ. ಹೊಸ ನಿಯಮಾವಳಿ ಹೊರಡಿಸಿತು. ಸಮಿತಿ, ಸಹಾಯವಾಣಿ ಎಂದು ಏರ್ಪಾಡು ದೊಡ್ಡದೇ. ದೇಶದಲ್ಲಿ ಗಲಾಟೆಯಾದದ್ದು ಜಾತಿ ತಾರತಮ್ಯದ ವ್ಯಾಖ್ಯೆಯ ಬಗ್ಗೆ. ಅದರಲ್ಲಿ ಪರಿಶಿಷ್ಟರು ಮತ್ತು ಹಿಂದುಳಿದ ವರ್ಗದವರು ಮಾತ್ರ ಇದ್ದಾರೆ ಎಂಬ ತಕರಾರು. ಜನವರಿ 29ರಂದು ಸುಪ್ರೀಂ ಕೋರ್ಟು ಹೊಸತಕ್ಕೆ ತಡೆ ಕೊಟ್ಟು, 2012ರದ್ದೇ ನಡೆಯಲಿ ಎಂದಿತು.

ಈ ಗದ್ದಲದಲ್ಲಿ ಗಡಿನಾಡಿನವರು ನೋಡಬೇಕಾದ ಒಂದು ಸಂಗತಿ ಮರೆಗೆ ಸರಿಯಿತು. ಹೊಸ ನಿಯಮಾವಳಿಯಲ್ಲಿ ತಾರತಮ್ಯಕ್ಕೆ ಕೊಟ್ಟ ಆಧಾರಗಳು ಇಷ್ಟೇ: ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ, ಅಂಗವೈಕಲ್ಯ. ಭಾಷೆ ಇಲ್ಲ! ಸಂವಿಧಾನದ 15ನೇ ವಿಧಿಯ ಪಟ್ಟಿಗೆ ಅಂಗವೈಕಲ್ಯ ಸೇರಿಸಿದ ಹಾಗೆ ಕಾಣುತ್ತದೆ. 15ನೇ ವಿಧಿಯಲ್ಲಿ ಭಾಷೆ ಇಲ್ಲ. ಆದರೆ ವಿದ್ಯಾಸಂಸ್ಥೆಗಳ ಪ್ರವೇಶದ ಬಗ್ಗೆಯೇ ಹೇಳುವ 29(2)ನೇ ವಿಧಿಯಲ್ಲಿ ಭಾಷೆ ಉಂಟು. ಶಿಕ್ಷಣದ ನಿಯಮ ಬರೆಯುವವರು ಆ ಪುಟವನ್ನೂ ತಿರುಗಿಸಬಹುದಿತ್ತು.

‘ಹುಟ್ಟಿದ ಸ್ಥಳ’ ಇದೆಯಲ್ಲ, ಸಾಲದೇ ಎಂದು ಕೇಳುವವರಿದ್ದಾರೆ. ಬೆಂಗಳೂರಿನಿಂದ ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯಕ್ಕೆ ಬಂದ ವಿದ್ಯಾರ್ಥಿಗೆ ಅದು ಸಾಕಾದೀತು. ಬೋವಿಕಾನದ ಹುಡುಗಿಗೆ ಸಾಲದು. ಅವಳು ಹುಟ್ಟಿದ್ದೂ ಕೇರಳದಲ್ಲಿ, ಅಣಕಿಸಿದವರು ಹುಟ್ಟಿದ್ದೂ ಕೇರಳದಲ್ಲಿ. 1956ರ ನವೆಂಬರ್ 1ರಿಂದ ನಮ್ಮ ಅವಸ್ಥೆಯೇ ಇದು: ಊರು ಬದಲಾಗಲಿಲ್ಲ, ರಾಜ್ಯ ಬದಲಾಯಿತು. ನಮ್ಮನ್ನು ಬೇರೆಯಾಗಿ ತೋರಿಸುವುದು ಭಾಷೆಯೊಂದೇ. ಧಾರಣೆ ಪಟ್ಟಿಯಲ್ಲಿ ಇಲ್ಲದ ಮಾಲಿಗೆ ಅಂಗಡಿಯಲ್ಲಿ ರೇಟು ಹೇಳುವವರುಂಟೇ?

ಇದು ಕನ್ನಡಿಗರ ಅಳಲು ಮಾತ್ರ ಎಂದು ಯಾರೂ ತಿಳಿಯಬೇಕಾಗಿಲ್ಲ. ಇಲ್ಲಿನ ಮಲೆಯಾಳ ಮಾತಾಡುವ ವ್ಯಾಪಾರಿಗಳ ಮಕ್ಕಳು ಮಂಗಳೂರಿಗೆ ಕಲಿಯಲು ಹೋಗುತ್ತಾರೆ. ಅಲ್ಲಿ ಅವರನ್ನು ‘ಮಲ್ಲು’ ಎಂದು ಕರೆದು ನಗುವವರು ನಮ್ಮವರೇ. ಅವರಿಗೂ ಇದೇ ಕಲಂ ಬೇಕು. ಈ ವಿಷಯದಲ್ಲಿ ಎರಡೂ ಕಡೆಯವರು ಒಟ್ಟಿಗೆ ಅರ್ಜಿ ಹಾಕಬಹುದಾದ ಅಪರೂಪದ ಸಂದರ್ಭ ಇದು.

ಹಾಗೆಂದು ಕಂಡದ್ದಕ್ಕೆಲ್ಲ ತಾರತಮ್ಯದ ಹಣೆಪಟ್ಟಿ ಹಚ್ಚುವಂತಿಲ್ಲ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯ 1988ರಲ್ಲಿ ಇಂಥ ಮಾತುಗಳ ವಿರುದ್ಧ ನಿಯಮ ತಂದಿತ್ತು. ಗಂಡು ಹೆಣ್ಣಿನ ಜೈವಿಕ ವ್ಯತ್ಯಾಸದ ಬಗ್ಗೆ ತರಗತಿಯಲ್ಲಿ ಚರ್ಚಿಸಿದರೂ ಸಿಕ್ಕಿಬಿದ್ದೇನೆಂಬ ಭಯದಿಂದ ವಿದ್ಯಾರ್ಥಿಯೊಬ್ಬ ಕೋರ್ಟಿಗೆ ಹೋದ. ಯಾವ ಮಾತು ತಪ್ಪು, ಯಾವುದು ಅಲ್ಲ ಎಂಬುದೇ ಸ್ಪಷ್ಟವಿಲ್ಲವೆಂದು 1989ರಲ್ಲಿ ಕೋರ್ಟು ಆ ನಿಯಮ ತಳ್ಳಿಹಾಕಿತು. ಮಹಾಜನ ವರದಿ ಸರಿ ಎನ್ನುವುದು ಅಭಿಪ್ರಾಯ, ಕಾಸರಗೋಡು ಕೇರಳದ್ದೇ ಎನ್ನುವುದೂ ಅಭಿಪ್ರಾಯ; ಕಾಲೇಜಿನಲ್ಲಿ ಎರಡಕ್ಕೂ ಜಾಗ ಬೇಕು. ಒಬ್ಬಳನ್ನೇ ಗುರಿಯಿಟ್ಟು ದಿನಾ ಚುಚ್ಚುವುದು ಅಭಿಪ್ರಾಯವಲ್ಲ. ನಿಯಮದಲ್ಲಿ ಈ ಗೆರೆ ಕಾಣಬೇಕು.

ನೆರೆಯವರಿಗೆ ನಾನು ಹೇಳಿದ್ದು ಇಷ್ಟು: ಬಾಯಿಮಾತು ಬೇಡ. ತಾರೀಕು, ಜಾಗ, ಆಡಿದ ಮಾತು ಇದ್ದ ಹಾಗೇ ಬರೆದು ಕೊಟ್ಟು, ಸ್ವೀಕರಿಸಿದ್ದಕ್ಕೆ ಸಹಿ ಪಡೆಯಲಿ. ಹೆದರಿಕೆಯಾದರೆ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522 ಉಂಟು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಳಿಗೆ ಕನ್ನಡದಲ್ಲಿ ಬರೆದ್ರೆ ಸರಾಗ. ಹಾಗೆ ಕೊಟ್ರೆ ತಗೊಳ್ತಾರಾ?” ಎಂದರು. ಕುಂದುಕೊರತೆಯ ಅರ್ಜಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೂ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಅದನ್ನೂ ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಟ್ಟೆ. ಅಷ್ಟರಲ್ಲಿ ಬಸ್ಸು ಬಂತು.