ಎಣ್ಣೆಯಿದ್ದೂ ಬಾಯಾರುವ ಎಂಜಿನ್

ಬಸ್ಸು ರಭಸದಿಂದ ತಿರುವು ತೆಗೆದುಕೊಂಡಾಗ ನಿಂತ ಪ್ರಯಾಣಿಕರೆಲ್ಲ ಒಂದು ಪಕ್ಕಕ್ಕೆ ವಾಲುತ್ತಾರಷ್ಟೆ? ಎಂಜಿನ್ನಿನೊಳಗಿನ ಎಣ್ಣೆಯೂ ಹಾಗೆಯೇ ವಾಲುತ್ತದೆ. ಬಸ್ಸಿಗೆ ಅದರಿಂದ ಬಾಧೆಯಿಲ್ಲ. ರೇಸಿನ ಕಾರಿಗೆ ಮಾತ್ರ ಅದು ಪ್ರಾಣಸಂಕಟ.

ಎಂಜಿನ್ನಿನ ತಳದಲ್ಲಿ 'ಸಂಪ್' ಎಂಬ ಪಾತ್ರೆಯಿದೆ. ಪಂಪು ಅಲ್ಲಿಂದ ಎಣ್ಣೆ ಹೀರಿ ಬೇರಿಂಗುಗಳಿಗೆ ಒತ್ತಡದಿಂದ ಕಳಿಸುತ್ತದೆ. ಕ್ರ್ಯಾಂಕ್ ಶಾಫ್ಟು ಲೋಹಕ್ಕೆ ಲೋಹ ತಾಗದಂತೆ, ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ ತಿರುಗುತ್ತದೆ. ತಿರುವಿನಲ್ಲಿ ಅಡ್ಡ ದಿಕ್ಕಿನ ವೇಗೋತ್ಕರ್ಷ ಗುರುತ್ವದಷ್ಟೇ ಆಯಿತೆನ್ನಿ. ಎಣ್ಣೆಯ ಮೇಲ್ಮೈ 45 ಡಿಗ್ರಿ ಓರೆಯಾಗುತ್ತದೆ. ಹೀರುಗೊಳವೆಯ ಬಾಯಿ ಬರಿದಾಗಿ ಪಂಪು ಗಾಳಿ ಹೀರುತ್ತದೆ. ನಿಮಿಷಕ್ಕೆ 9,000 ಸುತ್ತು ತಿರುಗುವ ಎಂಜಿನ್ ಎರಡು ಸೆಕೆಂಡಿನಲ್ಲಿ 300 ಸುತ್ತು ಹಾಕಿಬಿಡುತ್ತದೆ. ಬೇರಿಂಗು ಸುಟ್ಟುಹೋಗಲು ಹೆಚ್ಚು ಹೊತ್ತು ಬೇಡ.

ಈ ಮಾತು ನಮ್ಮ ವಿದ್ಯಾರ್ಥಿಗಳಿಗೂ ಸಂಬಂಧಿಸಿದ್ದೇ. ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ 'ಫಾರ್ಮುಲಾ ಭಾರತ್' ಸ್ಪರ್ಧೆಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಪುಟ್ಟ ರೇಸ್ ಕಾರುಗಳನ್ನು ತರುತ್ತಾರೆ. ಬೆಂಗಳೂರಿನ ತಂಡಗಳೂ ಭಾಗವಹಿಸಿವೆ. ಅಲ್ಲಿ 'ಆಟೋಕ್ರಾಸ್' ಎಂಬ ಪರೀಕ್ಷೆಯುಂಟು: ಶಂಕುಗಳ ನಡುವೆ ಅಂಕುಡೊಂಕಾಗಿ ಕಾಲದ ವಿರುದ್ಧ ಓಟ. ಅನೇಕ ಪೆಟ್ರೋಲ್ ಕಾರುಗಳಲ್ಲಿರುವುದು ಬೈಕಿನ ಎಂಜಿನ್. ತೊಡಕಿರುವುದು ಇಲ್ಲೇ. ಬೈಕು ತಿರುವಿನಲ್ಲಿ ತಾನೂ ಓರೆಯಾಗುವುದರಿಂದ ಎಣ್ಣೆ ಸಂಪಿನ ತಳದಲ್ಲೇ ನಿಲ್ಲುತ್ತದೆ. ಕಾರು ಹಾಗೆ ವಾಲದು; ಎಣ್ಣೆ ಗೋಡೆ ಹತ್ತುತ್ತದೆ. ವರ್ಷವಿಡೀ ಪಟ್ಟ ಶ್ರಮ ಒಂದೇ ತಿರುವಿನಲ್ಲಿ ಹೊಗೆಯಾಗಬಹುದು.

ಹಾಗಾದರೆ ಎಣ್ಣೆಯನ್ನೇ ಹೆಚ್ಚು ಸುರಿದರಾಗದೇ? ಮಿತಿ ಮೀರಿದರೆ ಕ್ರ್ಯಾಂಕ್ ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತದೆ. ನೊರೆ ಬೇರಿಂಗನ್ನು ಕಾಯದು.

ಸುಲಭದ ಉಪಾಯವೆಂದರೆ ಸಂಪಿನೊಳಗೆ ಅಡ್ಡತಡೆಗಳನ್ನಿಟ್ಟು, ಒಂದೇ ಕಡೆಗೆ ತೆರೆಯುವ ಪುಟ್ಟ ಬಾಗಿಲುಗಳನ್ನು ಕೂರಿಸುವುದು. ಎಣ್ಣೆ ಗೊಳವೆಯ ಬಳಿಗೆ ಬರಬಹುದು, ಹೊರಗೆ ಓಡಲಾರದು. ಎರಡನೆಯದು ಸಂಚಯಕ: ಗಾಳಿಯ ಒತ್ತಡದಲ್ಲಿ ಒಂದಿಷ್ಟು ಎಣ್ಣೆ ಕೂಡಿಟ್ಟ ಉರುಳೆ. ಪಂಪಿನ ಒತ್ತಡ ಕುಸಿದೊಡನೆ ಅದು ತನ್ನ ಎಣ್ಣೆಯನ್ನು ಬಿಟ್ಟುಕೊಡುತ್ತದೆ. ಮೂರನೆಯದು 'ಡ್ರೈ ಸಂಪ್': ಎಣ್ಣೆಯನ್ನು ತಳದಲ್ಲಿ ನಿಲ್ಲಗೊಡದೆ ಬೇರೆ ಪಂಪುಗಳಿಂದ ಎಳೆದು ಎತ್ತರದ ಟ್ಯಾಂಕಿನಲ್ಲಿಡುವುದು. ಉತ್ತಮವಾದರೂ ದುಬಾರಿ.

ಏನನ್ನೂ ಕೊಳ್ಳುವ ಮೊದಲು ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಸಂಪಿನ ಪಾರದರ್ಶಕ ಮಾದರಿ ಮಾಡಿ, ಅಳತೆಯ ಬಣ್ಣದ ನೀರು ಹಾಕಿ, ನಾಲ್ಕೂ ದಿಕ್ಕಿಗೆ 45 ಡಿಗ್ರಿ ಓರೆ ಹಿಡಿಯಿರಿ. ಗೊಳವೆಯ ಬಾಯಿ ಎಲ್ಲಿ ತೇಲಿತೋ ದೋಷ ಅಲ್ಲಿದೆ. ಕಾರು ಓಡುವಾಗ ಒತ್ತಡದ ಮಾಪಕವನ್ನು ಮರೆಯಬೇಡಿ. ಮಕ್ಕಳು ಬಣ್ಣಕ್ಕಿಂತ ಮೊದಲು ಮಾಪಕಕ್ಕೆ ಹಣ ಕೇಳಿದರೆ ತಂದೆತಾಯಿಗಳು ಸಂತೋಷಪಡಬೇಕು.

ಮನೆಯ ಕಾರಿಗೂ ಇದರಲ್ಲಿ ಪಾಠವಿದೆ. ಎಣ್ಣೆಯ ಕೆಂಪು ದೀಪ ಸಾಮಾನ್ಯವಾಗಿ ತಿಳಿಸುವುದು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು. ಅದು ಹೊತ್ತಿದರೆ 'ಮನೆ ಹತ್ತಿರವೇ ಇದೆ' ಎನ್ನದೆ, ಕಾರನ್ನು ಪಕ್ಕಕ್ಕೆ ತಂದು ಎಂಜಿನ್ ಆರಿಸಿ.